ಹಕ್ಕಿ ಮೇಯುವ ಜಾಗ ಹುಡುಕಿ ನಿಲ್ಲಿ: ಮೇ ತಿಂಗಳ ವಾರ್ಬ್ಲರ್ ಫೋಟೊ ಬಗ್ಗೆ

ಪ್ರಶ್ನೆ: ನಾವು ಮೈಸೂರಿನವರು, ಈಗ ಒಹಾಯೊದ ಕೊಲಂಬಸ್‌ನಲ್ಲಿದ್ದೇವೆ. ಊರಲ್ಲಿದ್ದಾಗ ರಂಗನತಿಟ್ಟು, ಕಬಿನಿ ಕಡೆ ಸಾಕಷ್ಟು ಹಕ್ಕಿ ಫೋಟೊ ತೆಗೆದಿದ್ದೇನೆ. ಕ್ಯಾಮೆರಾ ಕ್ಯಾನನ್ 90ಡಿ, ಲೆನ್ಸ್ ಸಿಗ್ಮಾ 150–600 ಕಂಟೆಂಪರರಿ. ಹೋದ ಮೇ ತಿಂಗಳು ಈರಿ ಸರೋವರದ ದಂಡೆಯ ಮಗೀ ಮಾರ್ಷ್‌ಗೆ ಹೋಗಿದ್ದೆವು. ಎಲ್ಲಿ ನೋಡಿದರೂ ವಾರ್ಬ್ಲರ್ ಎಂಬ ಬಣ್ಣಬಣ್ಣದ ಪುಟ್ಟ ವಲಸೆ ಹಕ್ಕಿಗಳು. ಆದರೆ ಮನೆಗೆ ಬಂದು ನೋಡಿದರೆ ಹಿಂದಿನ ಪೊದೆ ಶಾರ್ಪ್, ಹಕ್ಕಿ ಮಸುಕು. ಇಲ್ಲದಿದ್ದರೆ ಬಿಳಿ ಆಕಾಶದ ಎದುರು ಬರೀ ಕಪ್ಪು ಆಕಾರ. ಈ ವರ್ಷ ಒಂದೇ ವಾರಾಂತ್ಯ ಬಿಡುವಿದೆ. ಯಾವಾಗ ಹೋಗಲಿ? ದೊಡ್ಡ ಲೆನ್ಸ್ ಬಾಡಿಗೆಗೆ ತರಲಾ? ಒಂಬತ್ತು ವರ್ಷದ ಮಗಳೂ ಜೊತೆಗೆ ಬರುತ್ತಾಳೆ.

ಉತ್ತರ: ಮೊದಲು ಲೆನ್ಸ್ ಮಾತು ಮುಗಿಸಿಬಿಡೋಣ. ಬಾಡಿಗೆಗೆ ತರಬೇಡಿ. 600 ಎಂ.ಎಂ. ಎಫ್ 4 ಅಂಥ ದೊಡ್ಡ ಲೆನ್ಸ್‌ಗಳು ನಾಲ್ಕು, ನಾಲ್ಕೂವರೆ ಮೀಟರ್‌ಗಿಂತ ಹತ್ತಿರ ಇರುವ ಹಕ್ಕಿಗೆ ಫೋಕಸ್ ಆಗುವುದೇ ಇಲ್ಲ. ಮಗೀ ಮಾರ್ಷ್‌ನಲ್ಲಿ ವಾರ್ಬ್ಲರ್ ಮೂರು ಮೀಟರ್ ದೂರದಲ್ಲಿ, ಕೆಲವು ಸಲ ಕೈಗೆಟುಕುವಷ್ಟು ಹತ್ತಿರ ಬಂದು ಹುಳ ಹೆಕ್ಕುತ್ತಿರುತ್ತದೆ. ಅಲ್ಲಿ ದೊಡ್ಡ ಲೆನ್ಸ್ ಹೊತ್ತವರು ಹಿಂದಕ್ಕೆ ಸರಿಯಲೂ ಜಾಗವಿಲ್ಲದೆ ಒದ್ದಾಡುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ಜೂಮ್ 2.8 ಮೀಟರ್ ತನಕ ಫೋಕಸ್ ಆಗುತ್ತದೆ, ಬೇಕಾದಾಗ 300ಕ್ಕೆ ಇಳಿಸಬಹುದು, ಕೈಯಲ್ಲೇ ಹಿಡಿದು ಓಡಾಡಬಹುದು. ಅಷ್ಟು ಸಾಕು.

ಆ ಲೆನ್ಸ್‌ನ ಪಕ್ಕದಲ್ಲಿ ಫೋಕಸ್ ಲಿಮಿಟರ್ ಸ್ವಿಚ್ ಇದೆ, ಅಂದರೆ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಫೋಕಸ್ ಹುಡುಕಬೇಕು ಎಂದು ಗೊತ್ತುಮಾಡುವ ಸ್ವಿಚ್. ಅದರಲ್ಲಿ ಮೂರು ಸ್ಥಾನ. ರಂಗನತಿಟ್ಟಿನ ದೋಣಿಯಿಂದ, ಕಬಿನಿ ಹಿನ್ನೀರಿನಲ್ಲಿ ಜೀಪಿನಿಂದ ತೆಗೆಯುವವರು ಸಾಮಾನ್ಯವಾಗಿ ಅದನ್ನು 10 ಮೀಟರ್‌ನಿಂದ ಅನಂತದ ಕಡೆಗೆ ತಳ್ಳಿಟ್ಟಿರುತ್ತಾರೆ. ದೂರದ ಹಕ್ಕಿಗೆ ಅದು ಸರಿ. ಆದರೆ ನಾಲ್ಕು ಮೀಟರ್ ದೂರದ ವಾರ್ಬ್ಲರ್‌ಗೆ ಹಾಗೆ ಇಟ್ಟರೆ ಲೆನ್ಸ್ ಹಕ್ಕಿಯ ತನಕ ಬರುವುದೇ ಇಲ್ಲ, ಹಿಂದಿನ ಪೊದೆಯಲ್ಲೇ ನಿಂತುಬಿಡುತ್ತದೆ. ನೀವು ಹೇಳಿದ ‘ಪೊದೆ ಶಾರ್ಪ್, ಹಕ್ಕಿ ಮಸುಕು’ ಎನ್ನುವುದಕ್ಕೆ ಇದೂ ಕಾರಣ ಇರಬಹುದು. ಕಾಡಿನೊಳಗೆ ಕಾಲಿಡುವ ಮುಂಚೆ ಅದನ್ನು 2.8ರಿಂದ 10 ಮೀಟರ್‌ಗೆ ತನ್ನಿ. ಆಗ ಲೆನ್ಸ್ ಸುಮ್ನೆ ಅನಂತದ ತನಕ ಹೋಗಿ ಬರುವ ಕೆಲಸವೂ ತಪ್ಪುತ್ತದೆ, ಫೋಕಸ್ ಬೇಗ ಸಿಗುತ್ತದೆ.

ಇನ್ನೊಂದು ಲೆಕ್ಕ ಗೊತ್ತಿರಲಿ. 600 ಎಂ.ಎಂ., ಎಫ್ 6.3, ಐದು ಮೀಟರ್ ದೂರ. ಇಷ್ಟಿದ್ದಾಗ ನಿಮ್ಮ ಕ್ಯಾಮೆರಾದಲ್ಲಿ ಶಾರ್ಪ್ ಆಗಿ ಬರುವ ಆಳ ಸುಮಾರು ಒಂದೂವರೆಯಿಂದ ಎರಡು ಸೆಂಟಿಮೀಟರ್ ಮಾತ್ರ. ಕಣ್ಣು ಸಿಕ್ಕಿದರೆ ಬಾಲ ಹೋಯಿತು, ರೆಕ್ಕೆ ಸಿಕ್ಕಿದರೆ ಕಣ್ಣು ಹೋಯಿತು. ಹಾಗಾಗಿ ಕ್ಯಾಮೆರಾವೇ ಫೋಕಸ್ ಬಿಂದು ಆರಿಸುವ ಮೋಡ್‌ಗಳನ್ನು ಕಾಡಿನಲ್ಲಿ ಮರೆತುಬಿಡಿ. ಅವು ಹತ್ತಿರದ ಕೊಂಬೆಯನ್ನೇ ಹಿಡಿಯುತ್ತವೆ. ಒಂದೇ ಬಿಂದು ಇಡಿ, ತೀರಾ ಗಿಜಿಗಿಜಿ ಇದ್ದರೆ ಸ್ಪಾಟ್ ಎಎಫ್ ಇಡಿ, ಹಕ್ಕಿ ಅಲುಗಾಡಿದರೂ ಫೋಕಸ್ ಬಿಡದೆ ಹಿಂಬಾಲಿಸುವ ಎಐ ಸರ್ವೊ ಮೋಡ್ ಹಾಕಿ, ಬಿಂದುವನ್ನು ಕಣ್ಣಿನ ಮೇಲೆ ಕೂರಿಸಿ. ಹಕ್ಕಿಯನ್ನು ವ್ಯೂಫೈಂಡರ್‌ನಲ್ಲಿ ಹುಡುಕುವಾಗ ಲೆನ್ಸ್ 200–300ರಲ್ಲಿ ಇರಲಿ. ಕಣ್ಣು ಹಕ್ಕಿಯ ಮೇಲಿಂದ ಕೀಳದೆ ಕ್ಯಾಮೆರಾವನ್ನು ಮುಖಕ್ಕೆ ತನ್ನಿ. ಹಕ್ಕಿ ಚೌಕಟ್ಟಿನೊಳಗೆ ಬಂದ ಮೇಲೆ 600ಕ್ಕೆ ತಿರುಗಿಸಿ.

ಇದು ಕ್ಯಾಮೆರಾದ ಮಾತಾಯಿತು. ಆದರೆ ಒಳ್ಳೆಯ ಫೋಟೊ ಸಿಗುವುದು, ಸಿಗದೇ ಇರುವುದು ಇದಕ್ಕಿಂತ ಮುಂಚೆಯೇ ತೀರ್ಮಾನ ಆಗಿರುತ್ತದೆ. ಬಹಳಷ್ಟು ಜನ ಹಕ್ಕಿ ಕಂಡ ಕಡೆಗೆ ಓಡುತ್ತಾರೆ. ಅದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಇವರು ಅದರ ಹಿಂದೆ ಹಿಂದೆ. ಹಾಗೆ ತೆಗೆದ ಫೋಟೊದಲ್ಲಿ ಬೆಳಕು, ಹಿನ್ನೆಲೆ, ಎತ್ತರ ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ. ನಾನು ಹೇಳುವುದು ಒಂದೇ: ಹಕ್ಕಿ ಏನು ತಿನ್ನಲು ಬಂದಿದೆ, ಅದು ಎಲ್ಲಿದೆ ಎಂದು ನೋಡಿ. ಅಲ್ಲಿ ಬೆಳಕು ಚೆನ್ನಾಗಿರುವ ಮೂಲೆ ಆರಿಸಿ ನಿಂತುಬಿಡಿ.

ಈ ಹಕ್ಕಿಗಳು ಅಲ್ಲಿಗೆ ಯಾಕೆ ಬರುತ್ತವೆ ಎಂದು ಗೊತ್ತಾದರೆ ನಿಲ್ಲುವ ಜಾಗ ತಾನಾಗೇ ಹೊಳೆಯುತ್ತದೆ. ಒಂದು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ತೂಕ ಸುಮಾರು 10 ಗ್ರಾಂ. ಎರಡು ಹಾಳೆ ಪ್ರಿಂಟರ್ ಕಾಗದದಷ್ಟು. ಅದು ಚಳಿಗಾಲ ಕಳೆಯುವುದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಾಡಿನಲ್ಲಿ. ಮರಿ ಮಾಡುವುದು ಕೆನಡಾ ಮತ್ತು ಅದರ ಗಡಿಯ ಆಸುಪಾಸಿನ ಕಾಡುಗಳಲ್ಲಿ. ಹೀಗೆ ಬರುವ ವಾರ್ಬ್ಲರ್‌ಗಳಲ್ಲಿ ಬಹಳಷ್ಟು ಮೆಕ್ಸಿಕೊ ಕೊಲ್ಲಿಯನ್ನು ಎಲ್ಲೂ ಇಳಿಯದೆ ಒಂದೇ ಹಾರಾಟದಲ್ಲಿ ದಾಟುತ್ತವೆ. ಅದು ಹತ್ತಿರ ಹತ್ತಿರ 1000 ಕಿಲೋಮೀಟರ್ ನೀರು. ಹಾರುವುದು ರಾತ್ರಿ, ಇಳಿಯುವುದು ಬೆಳಗಿನ ಜಾವ, ಹಗಲೆಲ್ಲ ತಿನ್ನುವುದು. ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಎದುರಿಗೆ ಈರಿ ಸರೋವರ ಬರುತ್ತದೆ. ಅದನ್ನು ದಾಟುವ ಮುಂಚೆ ಹೊಟ್ಟೆ ತುಂಬಬೇಕು. ದಂಡೆಯಲ್ಲಿ ಉಳಿದಿರುವುದು ಸಣ್ಣ ಕಾಡಿನ ಪಟ್ಟಿ; ಸುತ್ತಮುತ್ತ ಜೌಗು, ಅದರಾಚೆ ಹೊಲ. ಹಾಗಾಗಿ ವಿಸ್ತಾರವಾದ ಕಾಡಿನಲ್ಲಿ ಚದುರಿ ಹೋಗಬೇಕಾದ ಹಕ್ಕಿಗಳೆಲ್ಲ ಆ ಪಟ್ಟಿಯಲ್ಲಿ ಒತ್ತೊತ್ತಾಗಿ ಸಿಗುತ್ತವೆ. ಹೆಚ್ಚುಕಡಿಮೆ ಒಂದು ಮೈಲಿ ಉದ್ದದ ಹಲಗೆದಾರಿ ಅದರ ನಡುವೆಯೇ ಹೋಗುತ್ತದೆ.

ಅಂದರೆ ಅಲ್ಲಿರುವ ಪ್ರತಿ ಹಕ್ಕಿಯೂ ಹಸಿದ ಹಕ್ಕಿ. ಹಸಿವು ಜಾಸ್ತಿ ಇರುವುದರಿಂದಲೇ ಅದು ಮನುಷ್ಯರ ಪರಿವೆ ಇಲ್ಲದೆ ಮೂರು ಮೀಟರ್‌ಗೆ ಬರುತ್ತದೆ. ಊರಿನಲ್ಲಿ ಗಣೇಶಗುಡಿಯಂಥ ಕಡೆ ನೀರಿನ ತೊಟ್ಟಿಯ ಮುಂದೆ ಮರೆಯಲ್ಲಿ ಕೂತು ತೆಗೆಯುತ್ತೇವಲ್ಲ, ಅಲ್ಲಿ ನೀರು ಹಕ್ಕಿಯನ್ನು ಕರೆತರುತ್ತದೆ. ಇಲ್ಲಿ ಆ ಕೆಲಸ ಹುಳ ಮಾಡುತ್ತದೆ.

ಹುಳ ಎಲ್ಲಿರುತ್ತದೆ? ಮೇ ಮೊದಲ ವಾರದಲ್ಲಿ ಆ ಮರಗಳೆಲ್ಲ ಒಟ್ಟಿಗೆ ಚಿಗುರುವುದಿಲ್ಲ. ವಿಲ್ಲೋ ಮರಗಳು ಬೇಗ ಹೂ ಬಿಟ್ಟು ಚಿಗುರುತ್ತವೆ. ಓಕ್ ಮರಗಳು ಜೋತುಬಿದ್ದ ಹೂಗೊಂಚಲು ಬಿಡುವ ವಾರ ಅವುಗಳ ತುಂಬ ಸಣ್ಣ ಸಣ್ಣ ಕಂಬಳಿಹುಳ. ಇನ್ನೂ ಬೋಳಾಗಿರುವ ಮರದ ಪಕ್ಕದಲ್ಲಿ ಒಂದೇ ಒಂದು ಮರ ತಿಳಿಹಸಿರು ಎದ್ದು ಕಾಣುತ್ತಿದ್ದರೆ ವಾರ್ಬ್ಲರ್ ಅಲ್ಲಿರುತ್ತದೆ. ಇನ್ನು ಸರೋವರದಿಂದ ಏಳುವ ಮಿಡ್ಜ್ ಎನ್ನುವ ಕಚ್ಚದ ಸಣ್ಣ ನೊಣಗಳ ಹಿಂಡು. ಗಾಳಿ ಬೀಸುವ ದಿನ ಅವು ಗಾಳಿ ತಾಗದ ಬದಿಯ ಪೊದೆಗಳಿಗೆ ಬಂದು ಕೂರುತ್ತವೆ. ಎಲೆಯ ಕೆಳಗೆ, ಕೊಂಬೆಯ ಮೇಲೆ, ನಿಮ್ಮ ಜಾಕೆಟ್ ಮೇಲೂ. ಅವು ಗುಂಪಾಗಿ ಕೂತ ಪೊದೆ ಸಿಕ್ಕಿದರೆ ಅಲ್ಲಿಂದ ಕದಲಬೇಡಿ. ಬಿಸಿಲು ಮೊದಲು ತಾಗುವ ಕಡೆಯೂ ಹಾಗೇ. ತಣ್ಣನೆ ಬೆಳಗ್ಗೆ ಹುಳ ಅಲ್ಲಿ ಮೊದಲು ಅಲುಗಾಡುತ್ತದೆ, ಹಕ್ಕಿಯೂ ಅಲ್ಲೇ ಮೊದಲು ಬರುತ್ತದೆ.

ಅಂಥ ಜಾಗ ಸಿಕ್ಕಿದ ಮೇಲೆ ಎರಡು ವಿಷಯ ನೋಡಿ. ಒಂದು, ಹಕ್ಕಿ ನಿಮ್ಮ ಕಣ್ಣಿನ ಎತ್ತರದಲ್ಲಿ ಮೇಯುವಂಥ ಕೊಂಬೆ ಇದೆಯಾ. ಎರಡು, ಆ ಕೊಂಬೆಯ ಹಿಂದೆ ಏನಿದೆ. ಹತ್ತು ಹದಿನೈದು ಮೀಟರ್ ಹಿಂದೆ ನೆರಳಿನ ಹಸಿರು ಇದ್ದರೆ ಬಂಗಾರ. ಆಕಾಶ ಇದ್ದರೆ ಆ ಜಾಗ ಬಿಡಿ. ತಲೆ ಮೇಲೆತ್ತಿ ಹೊಟ್ಟೆ ಕಾಣುವಂತೆ, ಬಿಳಿ ಮೋಡದ ಎದುರು ತೆಗೆದ ವಾರ್ಬ್ಲರ್ ಫೋಟೊ ಎಷ್ಟು ಶಾರ್ಪ್ ಬಂದರೂ ಚೆನ್ನಾಗಿ ಕಾಣುವುದಿಲ್ಲ. ಗುರುತಿಗೆ ಒಂದು ತೆಗೆಯಲೇಬೇಕು ಅಂದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಆರಿಸಿದ ಬೆಳಕನ್ನು ನಾವೇ ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಒಂದೂವರೆಯಿಂದ ಎರಡು ಸ್ಟಾಪ್ ಜಾಸ್ತಿ ಮಾಡಿ; ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು. ಆಕಾಶ ಸುಟ್ಟುಹೋಗುತ್ತದೆ, ಹೋಗಲಿ. ಹಕ್ಕಿಯ ಬಣ್ಣವಾದರೂ ಬರುತ್ತದೆ. ನಿಮ್ಮ ಕಪ್ಪು ಆಕಾರಗಳೆಲ್ಲ ಆ ಬಿಳಿ ಆಕಾಶವನ್ನು ನೋಡಿ ಕ್ಯಾಮೆರಾ ಬೆಳಕು ಕಡಿಮೆ ಮಾಡಿದ್ದರ ಫಲ.

ಈಗ ಕ್ಲಿಕ್ ಮಾಡುವ ಕ್ಷಣ. ವಾರ್ಬ್ಲರ್ ನಿಲ್ಲುವುದೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹತ್ತು ನಿಮಿಷ ಕ್ಯಾಮೆರಾ ಕೆಳಗಿಟ್ಟು ಸುಮ್ಮನೆ ನೋಡಿ, ನಿಲ್ಲುತ್ತದೆ. ಚೆಸ್ಟ್‌ನಟ್-ಸೈಡೆಡ್ ವಾರ್ಬ್ಲರ್ ಬಾಲ ಸ್ವಲ್ಪ ಮೇಲೆತ್ತಿ ಕೊಂಬೆಯ ಮೇಲೆ ಎರಡು ಕುಪ್ಪಳಿಸುತ್ತದೆ. ಕತ್ತು ಚಾಚಿ ಮೇಲಿನ ಎಲೆಯ ಅಡಿಭಾಗ ನೋಡುತ್ತದೆ. ಏನೂ ಇಲ್ಲದಿದ್ದರೆ ತಕ್ಷಣ ಮುಂದಿನ ಎಲೆ. ಹಸಿರು ಕಂಬಳಿಹುಳ ಸಿಕ್ಕಿತೋ, ಆಟ ಬದಲಾಗುತ್ತದೆ. ಹುಳವನ್ನು ಕೊಂಬೆಗೆ ಎಡಕ್ಕೊಂದು ಬಲಕ್ಕೊಂದು ಬಡಿಯುತ್ತದೆ, ಕೊಕ್ಕಿನಲ್ಲಿ ತಿರುಗಿಸಿಕೊಳ್ಳುತ್ತದೆ, ನುಂಗುತ್ತದೆ. ಆಮೇಲೆ ಕೊಕ್ಕಿನ ಎರಡೂ ಬದಿಯನ್ನು ಕೊಂಬೆಗೆ ಉಜ್ಜಿ ಒರೆಸಿ, ತಲೆ ಎತ್ತಿ ಒಂದು ಗಳಿಗೆ ಸುಮ್ಮನಿರುತ್ತದೆ. ಆ ಎರಡು ಮೂರು ಸೆಕೆಂಡು ನಿಮ್ಮದು. ಹುಳ ಸಿಕ್ಕಾಗಲೇ ಫೋಕಸ್ ಮಾಡಿಟ್ಟುಕೊಳ್ಳಿ, ಕೊಕ್ಕು ಒರೆಸಿ ತಲೆ ಎತ್ತಿದ ತಕ್ಷಣ ಮೂರು ನಾಲ್ಕು ಫ್ರೇಮ್ ಹೊಡೆಯಿರಿ. ಹಾಡುವ ಗಂಡು ಸಿಕ್ಕಿದರೆ ಇನ್ನೂ ಸುಲಭ. ಒಂದು ಸಲ ಹಾಡಿ, ಸ್ವಲ್ಪ ಬಿಟ್ಟು, ಬಹಳ ಸಲ ಅದೇ ಕೊಂಬೆಯಿಂದ ಮತ್ತೆ ಹಾಡುತ್ತದೆ. ತಲೆ ಹಿಂದಕ್ಕೆ ಹಾಕುವ ಕ್ಷಣಕ್ಕೆ ಕಾಯಿರಿ.

ಯಾವ ಹಕ್ಕಿ ಎಷ್ಟು ಎತ್ತರದಲ್ಲಿ ಮೇಯುತ್ತದೆ ಎನ್ನುವುದೂ ತಿಳಿದಿರಬೇಕು. ಬ್ಲ್ಯಾಕ್-ಅಂಡ್-ವೈಟ್ ವಾರ್ಬ್ಲರ್ ಎಲೆ ಕಡೆ ಹೋಗುವುದು ಕಡಿಮೆ, ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆ ತೆವಳುತ್ತಾ ತೊಗಟೆ ಕೆದಕುತ್ತದೆ. ಎಲೆಗಳ ಕಾಟ ಇಲ್ಲದ್ದರಿಂದ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಪಾಮ್ ವಾರ್ಬ್ಲರ್ ನೆಲದ ಹತ್ತಿರ ಬಾಲ ಕುಣಿಸುತ್ತಾ ಓಡಾಡುತ್ತದೆ. ಅವನ್‌ಬರ್ಡ್ ಒಣ ಎಲೆಗಳ ನಡುವೆ ನಡೆದುಕೊಂಡೇ ಹೋಗುತ್ತದೆ. ಮ್ಯಾಗ್ನೋಲಿಯ ಮತ್ತು ಚೆಸ್ಟ್‌ನಟ್-ಸೈಡೆಡ್ ನಮ್ಮ ಎದೆಮಟ್ಟದ ಪೊದೆಯಲ್ಲೂ ಸಿಗುತ್ತವೆ. ಅಮೆರಿಕನ್ ರೆಡ್‌ಸ್ಟಾರ್ಟ್ ರೆಕ್ಕೆ ಬಾಲ ಬಿಚ್ಚಿ ಹುಳ ಎಬ್ಬಿಸಿ ಗಾಳಿಯಲ್ಲೇ ಹಿಡಿಯುತ್ತದೆ. ಅದಕ್ಕೆ 1/1600 ಶಟರ್ ಕೂಡ ಕೆಲವೊಮ್ಮೆ ಸಾಲದು. ಬ್ಲ್ಯಾಕ್‌ಬರ್ನಿಯನ್, ಬೇ-ಬ್ರೆಸ್ಟೆಡ್, ಕೇಪ್ ಮೇ ಇವು ಸಾಮಾನ್ಯವಾಗಿ ಮರದ ತುದಿಯವು, ಆದರೆ ಚಳಿಗಾಳಿಯ ದಿನ ಕೆಳಗಿಳಿಯುತ್ತವೆ.

ಪ್ರೊಥಾನಟರಿ ವಾರ್ಬ್ಲರ್ ಬೇರೆಯೇ ಜಾತಿಯ ಅದೃಷ್ಟ. ಅದು ಅಲ್ಲಿ ತಂಗಲು ಬಂದದ್ದಲ್ಲ, ಅಲ್ಲೇ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ನಿಂತ ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ, ಬಿದ್ದ ಮರದ ಮೇಲೆ ತಿರುಗುತ್ತಿರುತ್ತದೆ. ಕಪ್ಪು ನೀರು ಹಿನ್ನೆಲೆ, ಮುಂದೆ ಅರಿಶಿನದ ಉಂಡೆಯಂಥ ಹಕ್ಕಿ. ಆದರೆ ಈ ಹಳದಿ ಬಹಳ ಮೋಸ ಮಾಡುತ್ತದೆ. ಮಾಮೂಲಿ ಹಿಸ್ಟೋಗ್ರಾಂ (ಫೋಟೊದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗೇ ತೋರಿಸುತ್ತದೆ, ಅಷ್ಟರಲ್ಲಿ ಕೆಂಪು ಚಾನೆಲ್ ಸುಟ್ಟುಹೋಗಿರುತ್ತದೆ. ಫೋಟೊದಲ್ಲಿ ಎದೆಯ ಗರಿಗಳ ಎಳೆಯೇ ಕಾಣದೆ ಬಣ್ಣ ಬಳಿದ ಹಾಗಿರುತ್ತದೆ. ಮೂರೂ ಬಣ್ಣದ ಹಿಸ್ಟೋಗ್ರಾಂ ಬೇರೆ ಬೇರೆಯಾಗಿ ಕಾಣುವಂತೆ ಇಟ್ಟುಕೊಳ್ಳಿ. ಬಿಸಿಲು ಬಿದ್ದ ಹಳದಿ ಹಕ್ಕಿಗೆ ಅರ್ಧ ಸ್ಟಾಪ್ ಕಡಿಮೆ ಮಾಡಿ.

ಉಳಿದ ಸೆಟ್ಟಿಂಗ್ ಸರಳ. ಮ್ಯಾನ್ಯುಯಲ್ ಮೋಡ್, ಆಟೊ ಐಎಸ್‌ಒ, ಲೆನ್ಸ್ ಪೂರ್ತಿ ತೆರೆದು ಎಫ್ 6.3, ಶಟರ್ 1/1000ರ ಆಸುಪಾಸು. ಹಾಡುತ್ತಾ ಕೂತ ಹಕ್ಕಿಗೆ 1/400ಕ್ಕೆ ಇಳಿಸಬಹುದು, ಆದರೆ ಹಲಗೆದಾರಿಯ ಮೇಲೆ ಯಾರಾದರೂ ನಡೆದರೆ ಹಲಗೆ ಅದುರುತ್ತದೆ ಅಲ್ವಾ, ಅದಕ್ಕೆ ಬೇಗ ಬೇಗ ಜಾಸ್ತಿ ಫ್ರೇಮ್ ತೆಗೆಯಿರಿ. ಟ್ರೈಪಾಡ್ ಒಯ್ಯಬೇಡಿ. ದಾರಿ ಇಕ್ಕಟ್ಟು, ಜನ ಜಾಸ್ತಿ, ಜೊತೆಗೆ ಆ ಅದುರು ನೇರ ಕ್ಯಾಮೆರಾಕ್ಕೇ ಬರುತ್ತದೆ. ಐಎಸ್‌ಒ 3200ಕ್ಕೆ ಹೋಗಿ ಫೋಟೊದಲ್ಲಿ ಕಾಳುಕಾಳು ಕಂಡರೆ ಹೆದರಬೇಡಿ. ರಾ ಫೈಲ್ ತೆಗೆದರೆ ಈಗಿನ ಡಿನಾಯ್ಸ್ ಸಾಫ್ಟ್‌ವೇರ್ ಚೆನ್ನಾಗಿ ಸರಿಮಾಡುತ್ತದೆ. ಮಸುಕಾದ ಹಕ್ಕಿಯನ್ನು ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ. ತೆಳು ಮೋಡದ ದಿನ ಕಾಡಿನ ಫೋಟೊಕ್ಕೆ ಒಳ್ಳೆಯದು. ಕಡು ಬಿಸಿಲಿನಲ್ಲಿ ಎಲೆಯ ನೆರಳು ಹಕ್ಕಿಯ ಮೈಮೇಲೆ ಮಚ್ಚೆ ಮಚ್ಚೆಯಾಗಿ ಬೀಳುತ್ತದೆ. ಚಿಗುರಿನ ಮೂಲಕ ಬಂದ ಬೆಳಕು ಬಿಳಿ ಹೊಟ್ಟೆಯನ್ನು ಹಸಿರು ಮಾಡುತ್ತದೆ. ರಾ ಫೈಲ್‌ನಲ್ಲಿ ವೈಟ್ ಬ್ಯಾಲೆನ್ಸ್ ಸ್ವಲ್ಪ ಮಜೆಂಟಾ ಕಡೆ ತಳ್ಳಿದರೆ ಹೋಗುತ್ತದೆ.

ಯಾವಾಗ ಹೋಗಬೇಕು ಎಂಬ ಪ್ರಶ್ನೆಗೆ ಬರೋಣ. ಕ್ಯಾಲೆಂಡರ್ ಪ್ರಕಾರ ಮೇ 8ರಿಂದ 18ರ ನಡುವಿನ ವಾರಾಂತ್ಯ. ಏಪ್ರಿಲ್ ಕೊನೆಗೆ ಯೆಲ್ಲೋ-ರಂಪ್ಡ್, ಪಾಮ್, ಬ್ಲ್ಯಾಕ್-ಅಂಡ್-ವೈಟ್ ಬರುತ್ತವೆ. ಮೇ ಎರಡನೇ ವಾರಕ್ಕೆ ಹೆಚ್ಚು ಜಾತಿಗಳು, ಅದೂ ಗಂಡುಗಳು ಪೂರ್ತಿ ಬಣ್ಣದಲ್ಲಿ. ಮೂರನೇ ವಾರದ ನಂತರ ಹೆಣ್ಣುಗಳು, ಜೊತೆಗೆ ಬ್ಲ್ಯಾಕ್‌ಪೋಲ್, ಕೆನಡಾ, ಮೌರ್ನಿಂಗ್ ವಾರ್ಬ್ಲರ್. ಆ ಹೊತ್ತಿಗೆ ಎಲೆ ದಟ್ಟವಾಗಿ ಹಕ್ಕಿ ಕಾಣುವುದೇ ಕಷ್ಟ. ಎಲೆ ಮತ್ತು ಹಕ್ಕಿ ಎರಡೂ ಲೆಕ್ಕ ಹಾಕಿದರೆ ಎರಡನೇ ವಾರವೇ ಸರಿ.

ಆದರೆ ಕ್ಯಾಲೆಂಡರ್‌ಗಿಂತ ಗಾಳಿಯ ಮಾತು ನಡೆಯುತ್ತದೆ. ರಾತ್ರಿ ದಕ್ಷಿಣದಿಂದ ಬೆಚ್ಚನೆ ಗಾಳಿ ಬೀಸಿದರೆ ಹಕ್ಕಿ ಅದರ ಬೆನ್ನೇರಿ ಬರುತ್ತದೆ, ಬೆಳಗ್ಗೆ ಕಾಡು ತುಂಬಿರುತ್ತದೆ. ಹಾಗೆ ಬರುತ್ತಿರುವಾಗಲೇ ಬೆಳಗಿನ ಜಾವ ಮಳೆ ಅಥವಾ ಉತ್ತರದ ಗಾಳಿ ಎದುರಾದರೆ ಹಕ್ಕಿಗಳೆಲ್ಲ ಸಿಕ್ಕಿದ ಮರಕ್ಕೆ ಇಳಿಯುತ್ತವೆ. ಹಕ್ಕಿ ನೋಡುವವರು ಅದನ್ನು ಫಾಲ್‌ಔಟ್ ಎನ್ನುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಸಂಶೋಧನಾ ಲ್ಯಾಬ್ ಮತ್ತು ಅದರ ಜೊತೆಗಾರ ವಿಶ್ವವಿದ್ಯಾಲಯಗಳು ನಡೆಸುವ ಬರ್ಡ್‌ಕಾಸ್ಟ್ ಎಂಬ ತಾಣ ಹವಾಮಾನ ರಾಡಾರ್ ಮಾಹಿತಿಯಿಂದ ಮುಂದಿನ ಮೂರು ರಾತ್ರಿಗಳ ವಲಸೆ ಅಂದಾಜು ಕೊಡುತ್ತದೆ. ಕೌಂಟಿ ಹೆಸರು ಹಾಕಿದರೆ ಹಿಂದಿನ ರಾತ್ರಿ ಎಷ್ಟು ಹಕ್ಕಿ ದಾಟಿದವು ಎಂಬ ಅಂದಾಜೂ ಸಿಗುತ್ತದೆ. ಗುರುವಾರದಿಂದ ಅದನ್ನು ನೋಡುತ್ತಿರಿ.

ಇಲ್ಲಿ ಒಂದು ವಿಷಯ ಫೋಟೊ ತೆಗೆಯುವವರಿಗಾಗಿಯೇ ಹೇಳಬೇಕು. ಬೆಚ್ಚನೆ ದಿನ ಜಾತಿಗಳ ಪಟ್ಟಿ ಉದ್ದ ಆಗುತ್ತದೆ, ಆದರೆ ಹಕ್ಕಿ ಮರದ ತುದಿಗೆ ಹೋಗಿಬಿಡುತ್ತದೆ, ಹುಳವೂ ಅಲ್ಲೇ ಇರುತ್ತದೆ. ತಣ್ಣನೆ, ಮೋಡದ, ಸರೋವರದ ಕಡೆಯಿಂದ ಗಾಳಿ ಬೀಸುವ ದಿನ ಹೊಸ ಹಕ್ಕಿ ಬರುವುದು ಕಡಿಮೆ. ಬಹಳ ಜನ ಬೇಸರ ಮಾಡಿಕೊಂಡು ಹೊರಟುಹೋಗುತ್ತಾರೆ. ಇದ್ದ ಹಕ್ಕಿ ಮಾತ್ರ ಮುಂದೆ ಹೋಗಲಾಗದೆ ಅಲ್ಲೇ ಉಳಿದಿರುತ್ತದೆ. ಮೇಲೆ ಹುಳ ಇಲ್ಲ, ಹಾಗಾಗಿ ಪೊದೆಗಿಳಿದು, ನೆಲಕ್ಕಿಳಿದು ಮೇಯುತ್ತದೆ. ಮರದ ತುದಿಯ ಬ್ಲ್ಯಾಕ್‌ಬರ್ನಿಯನ್ ಕಂಠದ ಆ ಬೆಂಕಿ ಬಣ್ಣ ಕಣ್ಣೆತ್ತರದಲ್ಲಿ ಸಿಗುವುದು ಇಂಥ ದಿನವೇ. ನನ್ನನ್ನು ಕೇಳಿದರೆ, ಶುಕ್ರವಾರ ರಾತ್ರಿ ದಕ್ಷಿಣದ ಗಾಳಿ, ಶನಿವಾರ ಮಧ್ಯಾಹ್ನ ಹವೆ ತಿರುಗಿ ಭಾನುವಾರ ಚಳಿ ಎಂದು ಮುನ್ಸೂಚನೆ ಇದ್ದರೆ ಎರಡೂ ದಿನ ಉಳಿಯಿರಿ, ಭಾನುವಾರವನ್ನು ಫೋಟೊಕ್ಕೆ ಇಟ್ಟುಕೊಳ್ಳಿ.

ಸೂರ್ಯ ಹುಟ್ಟುವುದು ಆಗ ಆರೂಕಾಲು ಹೊತ್ತಿಗೆ. ಅಷ್ಟರಲ್ಲಿ ಅಲ್ಲಿರಿ. ಮೇ ತಿಂಗಳ ಆ ಹತ್ತು ದಿನ ಬ್ಲ್ಯಾಕ್ ಸ್ವಾಂಪ್ ಬರ್ಡ್ ಅಬ್ಸರ್ವೇಟರಿ 2010ರಿಂದ ನಡೆಸುತ್ತಾ ಬಂದಿರುವ ಹಕ್ಕಿ ಹಬ್ಬವೂ ಇರುತ್ತದೆ, ಒಂಬತ್ತು ಗಂಟೆಯ ಮೇಲೆ ಹಲಗೆದಾರಿಯಲ್ಲಿ ಹೆಜ್ಜೆ ಇಡುವುದೂ ನಿಧಾನ. ಮಧ್ಯಾಹ್ನ ವಿಶ್ರಾಂತಿ ತೆಗೆದುಕೊಂಡು ನಾಲ್ಕರ ಮೇಲೆ ಮತ್ತೆ ಬನ್ನಿ. ಜನ ಕಡಿಮೆಯಾಗಿರುತ್ತಾರೆ, ಬೆಳಕು ಓರೆಯಾಗಿ ಬರುತ್ತದೆ, ರಾತ್ರಿ ಹೊರಡುವ ಹಕ್ಕಿಗಳು ಮತ್ತೊಂದು ಸುತ್ತು ಮೇಯಲು ಶುರು ಮಾಡುತ್ತವೆ. ಎಲ್ಲೋ ಅಪರೂಪದ ಕರ್ಟ್‌ಲೆಂಡ್ಸ್ ವಾರ್ಬ್ಲರ್ ಬಂದಿದೆ ಎಂದು ಎಲ್ಲರೂ ಒಂದೇ ಕಡೆ ಓಡಿದರೆ, ಹೋಗಿ ಕಣ್ತುಂಬ ನೋಡಿ ಬನ್ನಿ. ಮಿಶಿಗನ್‌ನ ಎಳೆ ಜ್ಯಾಕ್ ಪೈನ್ ಕಾಡುಗಳನ್ನೇ ನಂಬಿ, ಅಳಿವಿನ ಅಂಚಿಗೆ ಹೋಗಿ, 2019ರಲ್ಲಿ ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದ ಹೊರಬಂದ ಹಕ್ಕಿ ಅದು. ನೋಡುವುದೇ ಭಾಗ್ಯ. ಆದರೆ ಇನ್ನೂರು ಜನರ ಭುಜದ ಮೇಲಿಂದ ಒಳ್ಳೆಯ ಫೋಟೊ ಬರುವುದಿಲ್ಲ. ಅದೇ ಹೊತ್ತಿಗೆ ದಾರಿಯ ಇನ್ನೊಂದು ತುದಿ ಖಾಲಿ ಇರುತ್ತದೆ.

ಮಗೀ ಮಾರ್ಷ್‌ಗೆ ಹೋಗುವ ಮುಂಚೆ ಕೈ ಪಳಗಿಸಿಕೊಳ್ಳಲು ನಿಮ್ಮೂರಿನ ಗ್ರೀನ್ ಲಾನ್ ಸೆಮೆಟರಿಯೇ ಸಾಕು. ಹಳೆಯ ದೊಡ್ಡ ಓಕ್ ಮರಗಳಿವೆ, ವಸಂತದ ವಾರ್ಬ್ಲರ್‌ಗೆ ಹೆಸರಾದ ಜಾಗ. ಏಪ್ರಿಲ್ ಕೊನೆಯಿಂದ ಕೆಲಸಕ್ಕೆ ಹೋಗುವ ಮುಂಚೆ ಒಂದೊಂದು ಗಂಟೆ ಅಲ್ಲಿ ನಿಲ್ಲಿ. ಅದು ಸ್ಮಶಾನ, ಸಮಾಧಿಗೆ ಬಂದವರು ಇರುತ್ತಾರೆ. ಅವರಿಂದ ದೂರ ಇರಿ, ದನಿ ತಗ್ಗಿಸಿ. ಬೇರೆ ಊರಿನಲ್ಲಿ ಇದನ್ನು ಓದುತ್ತಿರುವ ಕನ್ನಡದವರಿಗೂ ಹತ್ತಿರದಲ್ಲೇ ಇಂಥ ಜಾಗ ಇದೆ. ನ್ಯೂಯಾರ್ಕ್‌ನವರಿಗೆ ಸೆಂಟ್ರಲ್ ಪಾರ್ಕಿನ ರಾಂಬಲ್, ಶಿಕಾಗೋದವರಿಗೆ ಮಾಂಟ್ರೋಸ್ ಪಾಯಿಂಟ್, ಟೊರಾಂಟೊ ಕಡೆಯವರಿಗೆ ಸ್ವಲ್ಪ ದೂರವಾದರೂ ಇದೇ ಸರೋವರದ ಆಚೆ ದಡದ ಪಾಯಿಂಟ್ ಪೀಲೀ, ಹ್ಯೂಸ್ಟನ್‌ನವರಿಗೆ ಏಪ್ರಿಲ್‌ನಲ್ಲೇ ಹೈ ಐಲ್ಯಾಂಡ್.

ಫೋನಿನಲ್ಲಿ ಮರ್ಲಿನ್ ಆ್ಯಪ್ ಇಟ್ಟುಕೊಳ್ಳಿ. ಸುತ್ತ ಹಾಡುತ್ತಿರುವುದು ಯಾವ ಹಕ್ಕಿ ಎಂದು ಅದು ಕೇಳಿ ಹೇಳುತ್ತದೆ. ಹೆಸರು ಗೊತ್ತಾದರೆ ಯಾವ ಎತ್ತರದಲ್ಲಿ ಹುಡುಕಬೇಕು ಎನ್ನುವುದೂ ಗೊತ್ತಾಗುತ್ತದೆ. ಆದರೆ ಅದರಲ್ಲಿರುವ ಧ್ವನಿಯನ್ನು ಹಕ್ಕಿಗೆ ಕೇಳಿಸಲೇಬೇಡಿ. ಇದನ್ನು ನಾನು ಬೇಡಿಕೊಳ್ಳುತ್ತೇನೆ ಎಂದೇ ತಿಳಿಯಿರಿ. 10 ಗ್ರಾಂ ಹಕ್ಕಿ ಖಾಲಿ ಹೊಟ್ಟೆಯಲ್ಲಿ ಬಂದಿದೆ, ಇಂದೇ ರಾತ್ರಿ ಸರೋವರ ದಾಟಬೇಕಿರಬಹುದು. ಸ್ಪೀಕರಿನ ಹಾಡಿಗೆ ಇನ್ನೊಂದು ಗಂಡು ಬಂದಿದೆ ಎಂದು ತಿಳಿದು ಮೇಯುವುದು ಬಿಟ್ಟು ಜಗಳಕ್ಕೆ ಬರುತ್ತದೆ. ಅದು ಕಳೆದುಕೊಂಡ ಹೊತ್ತು ಅದಕ್ಕೆ ಅನ್ನದ ಹೊತ್ತು. ಫ್ಲ್ಯಾಶ್ ಕೂಡ ಬೇಡ. ಫೋಟೊಕ್ಕೆ ಅಡ್ಡ ಬರುತ್ತದೆ ಎಂದು ಚಿಗುರು ಕೊಂಬೆ ಮುರಿಯುವುದು, ಹಲಗೆದಾರಿ ಬಿಟ್ಟು ಕೆಳಗಿಳಿಯುವುದು, ದಾರಿ ಪಕ್ಕದ ಯೆಲ್ಲೋ ವಾರ್ಬ್ಲರ್ ಗೂಡಿನ ಎದುರು ನಿಂತುಬಿಡುವುದು, ಇವೂ ಬೇಡ. ಒಂದು ಎಲೆ ಅಡ್ಡ ಬಂದರೆ ನೀವು ಅರ್ಧ ಹೆಜ್ಜೆ ಸರಿಯಿರಿ, ಇಲ್ಲ ಮೊಣಕಾಲೂರಿ ಕೂರಿ. ಮುಕ್ಕಾಲು ಪಾಲು ಅಡ್ಡಿ ಅಷ್ಟರಲ್ಲೇ ಹೋಗುತ್ತದೆ.

ಮಗಳ ವಿಷಯ. ಅವಳಿಗೂ ಒಂದು ಹಗುರವಾದ ಬೈನಾಕ್ಯುಲರ್ ಕೊಡಿ. 8 ಪಟ್ಟು ಹಿಗ್ಗಿಸುವುದು ಸಾಕು, 10 ಪಟ್ಟಿನದು ಮಕ್ಕಳ ಕೈಯಲ್ಲಿ ಅದುರುತ್ತದೆ. ಎರಡು ಮೀಟರ್‌ವರೆಗೆ ಫೋಕಸ್ ಆಗುವಂಥದ್ದೇ ನೋಡಿ ತನ್ನಿ, ಇಲ್ಲದಿದ್ದರೆ ಹತ್ತಿರ ಬಂದ ಹಕ್ಕಿಯೇ ಅವಳಿಗೆ ಮಸುಕು. ಮಕ್ಕಳ ಕಣ್ಣು ನಮಗಿಂತ ಕೆಳಗಿರುತ್ತದೆ. ನಾವೆಲ್ಲ ಮರದ ತುದಿ ನೋಡುತ್ತಾ ನಿಂತಾಗ ಒಣ ಎಲೆಯಲ್ಲಿ ನಡೆಯುವ ಅವನ್‌ಬರ್ಡನ್ನೋ ಬೇಲಿಯಡಿಯ ಥ್ರಷ್ ಹಕ್ಕಿಯನ್ನೋ ಮೊದಲು ಕಾಣುವುದು ಅವರೇ. ಅವಳು ‘ಅಪ್ಪಾ ಅಲ್ಲಿ’ ಎಂದ ಕೂಡಲೇ ಕ್ಯಾಮೆರಾ ತಿರುಗಿಸುವ ಬದಲು, ಆ ಹಕ್ಕಿ ಏನು ತಿನ್ನುತ್ತಿದೆ ಎಂದು ಕೇಳಿ. ಅವಳು ನೋಡಿ ಹೇಳುವಷ್ಟರಲ್ಲಿ ನಿಮಗೂ ನಿಲ್ಲುವ ಜಾಗ ಗೊತ್ತಾಗಿರುತ್ತದೆ.

ಕೊಲಂಬಸ್‌ನಿಂದ ಎರಡು, ಎರಡೂವರೆ ಗಂಟೆ ದಾರಿ. ಬೆಳಗಿನ ಬೆಳಕು ಬೇಕಾದ್ದರಿಂದ ಹಿಂದಿನ ರಾತ್ರಿಯೇ ಓಕ್ ಹಾರ್ಬರ್ ಅಥವಾ ಟೊಲೀಡೊ ಕಡೆ ಬಂದು ಉಳಿದುಕೊಳ್ಳಿ. ಹಬ್ಬದ ದಿನಗಳಲ್ಲಿ ಕೋಣೆಗಳು ಬೇಗ ತುಂಬುತ್ತವೆ, ಈಗಲೇ ಕಾದಿರಿಸಿ. ಕೊಲಂಬಸ್‌ನಲ್ಲಿ ಸೆಕೆ ಇದ್ದರೂ ಸರೋವರದ ಗಾಳಿ ಚುಚ್ಚುತ್ತದೆ, ಮಗುವಿಗೆ ಟೋಪಿ, ಕೈಗವಸು ಇರಲಿ. ಪಕ್ಕದ ಹುಲ್ಲುದಾರಿಗಳಿಗೆ ಹೋದರೆ ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಸಂಜೆ ಮೈಮೇಲೆ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ, ಚಿತ್ರಾನ್ನ ಆದರೂ ಸರಿ. ಊಟ ಮಾಡುವಾಗ ಕ್ಯಾಮೆರಾವನ್ನು ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಪಾರ್ಕಿಂಗ್ ಜಾಗದ ಅಂಚಿನ ಮರಗಳಲ್ಲೂ ವಾರ್ಬ್ಲರ್ ಮೇಯುತ್ತಿರುತ್ತದೆ, ಅಲ್ಲಿ ಹಲಗೆಯ ಅದುರೂ ಇಲ್ಲ, ನೂಕುನುಗ್ಗಲೂ ಇಲ್ಲ.